ಮಾಳಿಗೆಯ ಮಣ್ಣು ಹೊತ್ತ ಬುಟ್ಟಿ

ಒಂದಾನೊಂದು ಕಾಲದಲ್ಲಿ ಒಂದು ಊರಿತ್ತು. ಆ ಊರಿನವರು ತಲೆಯ ಮೇಲೆ ಹೊಲ ಇಟ್ಟುಕೊಂಡು ಮಲಗುತ್ತಿದ್ದರು. ಹೊಲವೆಂದರೆ ಹೊಲವೇ. ಮಳೆ ಬಿದ್ದರೆ ಅದರ ಮೇಲೆ ಹುಲ್ಲು ಹುಟ್ಟುತ್ತಿತ್ತು. ಗುಬ್ಬಿಯ ಬಾಯಿಂದ ಜಾರಿದ ಜೋಳದ ಕಾಳು ಮೊಳೆತು ಒಮ್ಮೊಮ್ಮೆ ತೆನೆಯನ್ನೂ ಬಿಡುತ್ತಿತ್ತು. ಅದರ ಕೆಳಗೆ ಜನ ಉಣ್ಣುತ್ತಿದ್ದರು, ಜಗಳಾಡುತ್ತಿದ್ದರು, ಮಕ್ಕಳನ್ನು ಹೆರುತ್ತಿದ್ದರು, ಕಾಲು ಚಾಚಿ ನಿದ್ದೆ ಮಾಡುತ್ತಿದ್ದರು.

ಕತೆ ಹೇಳುವ ಅಜ್ಜಿಯರು ಇಂಥ ಕಡೆ ‘ಅಂತೆ’ ಅನ್ನುತ್ತಾರೆ. ನಾನು ಅನ್ನುವಂತಿಲ್ಲ. ಆ ಹೊಲವನ್ನು ಮನೆಯ ಮೇಲೆ ಏರಿಸಿದ್ದರಲ್ಲಿ ನನ್ನ ಪಾಲೂ ಇದೆ. ನಾನು ಒಂದು ಕಬ್ಬಿಣದ ಬುಟ್ಟಿ.

ನಾನು ಹುಟ್ಟಿದ್ದು ಉಮರ್ಗಾ ಪೇಟೆಯ ಒಂದು ಕಮ್ಮಾರಸಾಲೆಯಲ್ಲಿ. ಅದಕ್ಕೂ ಮೊದಲು ನಾನು ಡಾಂಬರು ತುಂಬಿದ ಡ್ರಮ್ಮಿನ ಹೊಟ್ಟೆಯಾಗಿದ್ದೆ. ಕಮ್ಮಾರ ನನ್ನನ್ನು ದುಂಡಗೆ ಕತ್ತರಿಸಿ, ಕುಣಿಯ ಮೇಲಿಟ್ಟು, ನಡುವೆ ತಗ್ಗಾಗುವ ತನಕ ಬಡಿದ. ಅಂಚು ಮಡಚಿದ, ಎರಡು ಕಡೆ ಕಿವಿ ಕೂರಿಸಿದ. ಎಷ್ಟು ತಿಕ್ಕಿದರೂ ಡಾಂಬರಿನ ಕರಿ ಪೂರ್ತಿ ಹೋಗಲಿಲ್ಲ. ಮೊದಲ ಬಿಸಿಲಿನಲ್ಲಿ ನನ್ನ ಮೈಯಿಂದ ರಸ್ತೆಯ ವಾಸನೆ ಬಂತು.

ನನ್ನನ್ನು ಮೊದಲು ತಲೆಗೇರಿಸಿದವಳು ಕಲ್ಲು ಒಡೆಯುವ ದುರ್ಗವ್ವ. ಬಟ್ಟೆ ಸುತ್ತಿದ ಸಿಂಬಿಯನ್ನು ನೆತ್ತಿಗಿಟ್ಟು ಅದರ ಮೇಲೆ ನನ್ನನ್ನು ಕೂರಿಸಿಕೊಂಡರೆ ಅವಳ ಕುತ್ತಿಗೆಯ ನರ ಒಂದೊಂದಾಗಿ ಬಿಗಿಯುವುದು ನನಗೆ ತಿಳಿಯುತ್ತಿತ್ತು. ಬೆಳಿಗ್ಗೆಯೆಲ್ಲ ಜಲ್ಲಿ. ಮಧ್ಯಾಹ್ನ ಬೇವಿನ ನೆರಳಲ್ಲಿ ನನ್ನೊಳಗೆ ಹಳೆ ಸೀರೆ ಹಾಸಿ ಅವಳು ಮೂರು ತಿಂಗಳ ಮಗುವನ್ನು ಮಲಗಿಸುತ್ತಿದ್ದಳು. ಜಲ್ಲಿಗೂ ಮಗುವಿಗೂ ಭಾರದಲ್ಲಿ ಎಷ್ಟು ವ್ಯತ್ಯಾಸ ಅಂತ ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಜಲ್ಲಿ ಅಲುಗಾಡದೆ ಕೂರುತ್ತದೆ, ಮಗು ಕನಸಿನಲ್ಲಿ ಒದೆಯುತ್ತದೆ.

ರಸ್ತೆ ಮುಗಿಯಿತು. ದುರ್ಗವ್ವನ ಗುಂಪು ತೊಗರವಾಡಿಯ ಆಚೆ ಬಯಲಲ್ಲಿ ಗುಡಾರ ಕಿತ್ತಿತು. ಚಳಿಗಾಲ ಎದುರಿಗಿತ್ತು. ಹೋಗುವ ದಿನ ಅವಳು ನನ್ನನ್ನು ಊರೊಳಗಿನ ಗುರುಬಾಯಿಗೆ ಕೊಟ್ಟು ಒಂದು ಕೌದಿ ತೆಗೆದುಕೊಂಡಳು. ಮಗುವನ್ನು ಅದರಲ್ಲಿ ಸುತ್ತಿ ನನ್ನ ಕಡೆ ತಿರುಗಿಯೂ ನೋಡದೆ ನಡೆದಳು. ನನಗೇನೂ ಬೇಸರವಾಗಲಿಲ್ಲ. ಕೌದಿ ಬೆಚ್ಚಗಿರುತ್ತದೆ.

ತೊಗರವಾಡಿ ತೇರಣಾ ನದಿಯ ಸೀಮೆಯ ಊರು. ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ್ದು. ಆದರೂ ಅರ್ಧ ಊರು ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ ಮಾತಾಡುತ್ತಿತ್ತು. ಮನೆಗಳೆಲ್ಲ ಮಾಳಿಗೆ ಮನೆಗಳು. ಎರಡು ಮೊಳ ದಪ್ಪದ ಕಲ್ಲುಗೋಡೆ, ಕಲ್ಲಿನ ನಡುವೆ ಕೆಸರು. ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಬೇಸಿಗೆಯಲ್ಲಿ ಆ ಮಣ್ಣು ಬಿರಿಯುತ್ತದೆ. ಬಿರಿದರೆ ಮಳೆಗೆ ಸೋರುತ್ತದೆ. ಹಾಗಾಗಿ ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮೊದಲು ಹೊಸ ಮಣ್ಣು ಹೊತ್ತು ಹಾಕಿ ಬಡಿಗೆಯಿಂದ ಬಡಿಯಬೇಕು. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಮಾಳಿಗೆಯ ಮಣ್ಣು ಇಳಿಸುವುದೆಂದರೆ ಮನೆತನ ಇಳಿಸಿದ ಹಾಗೆ ಅನ್ನುವುದು ಆ ಸೀಮೆಯ ಮಾತು. ಮುರಿದುಬಿದ್ದ ಮನೆಯವರು ಮಾತ್ರ ಮಣ್ಣು ಇಳಿಸುತ್ತಾರೆ.

ಗುರುಬಾಯಿಯ ಗಂಡ ಬಂಡೆಪ್ಪನ ಮಾಳಿಗೆ ಊರಿಗೇ ದಪ್ಪ. ಅಡುಗೆಮನೆಯ ಮೇಲೆ ಬೆಳಕು ಬೀಳಲೆಂದು ಒಂದು ಕಿಂಡಿ ಬಿಟ್ಟಿದ್ದರು. ಕೆಳಗೆ ನಿಂತು ನೋಡಿದರೆ ಅದು ತಲೆಕೆಳಗಾದ ಬಾವಿಯಂತೆ ಕಾಣುತ್ತಿತ್ತು. ಕಿಂಡಿಯ ಬದಿಯಲ್ಲಿ ಮಣ್ಣಿನ ಪದರಗಳು ಎದ್ದು ಕಾಣುತ್ತಿದ್ದವು, ಒಂದು ಬಿಳಿ, ಒಂದು ಕೆಂಪು, ಒಂದು ಬೂದು. ಬಂಡೆಪ್ಪ ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದ.

“ಅಗೋ ಆ ಕೆಂಪಂದು ನಮ್ಮಜ್ಜಂದು. ಅದರ ಮ್ಯಾಲಿಂದು ನಮ್ಮಪ್ಪಂದು. ಇದು ನಂದು.”

ಮಗ ವೈಜನಾಥನಿಗೆ ಹೆಣ್ಣು ಕೊಡಲು ಬಂದವರು ಹುಡುಗನ ಮುಖಕ್ಕಿಂತ ಆ ಕಿಂಡಿಯನ್ನೇ ಹೆಚ್ಚು ಹೊತ್ತು ನೋಡಿದರು. ಆಳಂದದ ಕಡೆಯ ಬೀಗರು ಕತ್ತೆತ್ತಿ, “ಎರಡು ಮೊಳ ಅದರೀ” ಅಂದರು. ಸಂಬಂಧ ಅಲ್ಲೇ ಕುದುರಿತು. ಹೆಣ್ಣಿನ ಮನೆಗೆ ತಗಡಿನ ಚಾವಣಿ. ಅವರು ಅದನ್ನು ಪತ್ರಾಸು ಅನ್ನುತ್ತಾರೆ. ಮಳೆ ಬಂದರೆ ಮಾತು ಕೇಳಿಸದಂಥ ಮನೆ. ಅಲ್ಲಿಂದ ಬಂದ ಸೊಸೆ ಮಹಾನಂದಾ.

ಬಂದ ವರ್ಷವೇ ಅವಳು ನನ್ನನ್ನು ಹೊತ್ತಳು. ಹೊಲದ ಬದುವಿನಿಂದ ಮಣ್ಣು ತುಂಬಿ, ಓಣಿ ದಾಟಿ, ಏಣಿ ಹತ್ತಿ, ಮೇಲೆ ಸುರಿದು ಇಳಿಯಬೇಕು. ಅವಳ ನಡಿಗೆ ದುರ್ಗವ್ವನದಕ್ಕಿಂತ ಬೇರೆ. ಪ್ರತಿ ಸಲ ಏಣಿಯ ತುದಿಯಲ್ಲಿ ಒಂದು ಕ್ಷಣ ನಿಂತು ಸುತ್ತ ನೋಡುವಳು. ಅಲ್ಲಿಂದ ಊರೆಲ್ಲ ಒಂದೇ ಬಯಲು. ಮಾಳಿಗೆಗೆ ಮಾಳಿಗೆ ತಾಗಿ, ಒಂದು ಮೇಕೆ ಈ ಕೊನೆಯಿಂದ ಆ ಕೊನೆಯ ತನಕ ನೆಲಕ್ಕಿಳಿಯದೆ ಹೋಗಬಹುದಿತ್ತು.

“ಏನ್ ನೋಡ್ತೀಯಬೇ ಅಲ್ಲಿ ನಿಂತು?” ಗುರುಬಾಯಿ ಕೆಳಗಿಂದ ಕೂಗುವಳು. “ಪತ್ರಾಸಿನ ಮನ್ಯಾಗ ಹುಟ್ಟಿದಾಕಿಗಿ ಮಾಳಿಗಿ ಕಂಡ್ರ ಮೈ ಮರೀತದ.”

“ಅತ್ತಿ, ನಮ್ಮ ಪತ್ರಾಸು ಗಾಳಿಗಿ ಹಾರಿ ಹೋದ್ರ ನಾವು ನಕ್ಕೋತ ಹುಡುಕ್ಯಾಡಿ ತರ್ತಿದ್ವಿ. ಇದು ಹಾರ್ತದೇನು?”

“ಹಾರಲಾರದಂಗ ಅಂತಲೇ ಹಾಕೋದವ್ವಾ!”

ಇಬ್ಬರೂ ನಗುತ್ತಿದ್ದರು. ಅತ್ತೆ ಸೊಸೆಯ ಜಗಳ ಅಷ್ಟರಲ್ಲೇ ಇತ್ತು.

ಮಹಾನಂದಾಳ ಮಗಳು ಇಂದುಮತಿ, ಎಲ್ಲರ ಬಾಯಲ್ಲಿ ಇಂದು, ಹುಟ್ಟಿ ಆರನೆಯ ವರ್ಷ ನಡೆದಿತ್ತು. ಆ ವರ್ಷ ಮಳೆ ನಿಂತ ಮೇಲೆ ನೆಲ ನಡುಗತೊಡಗಿತು. ಮೊದಲ ಸಲ ಗಡಿಗೆಗಳು ಒಂದಕ್ಕೊಂದು ತಾಗಿ ಟಿಣ್ ಅಂದವು. ನಾನು ಅಂಗಳದಲ್ಲಿ ಬಾಯಿ ಕೆಳಗಾಗಿ ಡಬ್ಬು ಬಿದ್ದಿದ್ದೆ. ನೆಲದ ಒಳಗೆ ಯಾರೋ ದೊಡ್ಡ ಬಂಡಿ ಎಳೆದುಕೊಂಡು ಹೋದ ಸದ್ದು ನನ್ನ ಅಂಚಿಗೆ ತಾಗಿತು. ಆಮೇಲೆ ಎರಡು ದಿನಕ್ಕೆ ಒಮ್ಮೆ, ವಾರಕ್ಕೆ ಮೂರು ಸಲ. ಊರು ಹೊರಗೆ ಬಂದು ಬಯಲಲ್ಲಿ ಮಲಗಿತು.

“ಆಯಿ, ಭೂಮಿ ಯಾಕ ಅಲ್ಲಾಡ್ತದ?” ಇಂದು ಅಜ್ಜಿಯ ಸೆರಗಿನೊಳಗಿಂದ ಕೇಳುವಳು.

“ಕೆಳಗ ಶೇಷಪ್ಪ ಹೊತ್ತಾನಲ್ಲ, ಅವನ ಹೆಡಿ ನೊಂದಿರ್ತದ. ಈ ಹೆಡಿಯಿಂದ ಆ ಹೆಡಿಗಿ ಬದಲಾಸ್ತಾನ. ಅಷ್ಟೇ. ಮಲಕೋ.”

ನನಗೆ ಆ ಕತೆ ಹಿಡಿಸಿತು. ಹೊರುವವರ ಸಂಕಟ ಹೊರುವವರಿಗೇ ಗೊತ್ತು. ದುರ್ಗವ್ವನೂ ದಾರಿಯ ನಡುವೆ ಸಿಂಬಿಯನ್ನು ಆಚೆ ಈಚೆ ಸರಿಸುತ್ತಿದ್ದಳು. ಆದರೆ ಆಗ ಅವಳು ಎರಡೂ ಕೈಯಿಂದ ನನ್ನನ್ನು ಹಿಡಿಯುತ್ತಿದ್ದಳು. ಶೇಷನಿಗೆ ಕೈಯಿಲ್ಲ. ಇದನ್ನು ಯಾರೂ ಯೋಚಿಸಿದಂತಿರಲಿಲ್ಲ.

ಪಕ್ಕದ ಮನೆಯ ಹವಾಲ್ದಾರ್ ದತ್ತೋಬಾ ಮಾತ್ರ ಬೇರೆ ಕತೆ ಹೇಳಿದ. ಅವನು ಮಿಲಿಟರಿಯಿಂದ ನಿವೃತ್ತನಾದವನು. ಹರೆಯದಲ್ಲಿ ಅಸ್ಸಾಮಿನ ದೊಡ್ಡ ಭೂಕಂಪ ಕಂಡವನು.

“ಗುಡ್ಡ ಸೀಳಿ ಹೊಳ್ಯಾಗ ಬಿದ್ದುವು. ಹೊಳಿ ಕಟ್ಟಿ ನಿಂತು, ಆಮ್ಯಾಲ ಒಡದು ಹಳ್ಳಿ ಹಳ್ಳೀನ ಒಯ್ತು. ಆದ್ರ ಬಿದಿರಿನ ಮನಿ ಬಿದ್ದು ಸತ್ತವರನ್ನ ನಾ ಭಾಳ ನೋಡಲಿಲ್ಲ. ಬಿದಿರು ಬಿದ್ರ ಎಷ್ಟು ಭಾರ ಇರ್ತದ? ಬಂಡೆಪ್ಪಾ, ನಿನ್ನ ಮಾಳಿಗಿ ಬಿದ್ರ ಎಷ್ಟು ಭಾರ?”

“ಯಾಕ ಬೀಳ್ತದೋ ಮಾರಾಯಾ?” ಬಂಡೆಪ್ಪ ಸಿಟ್ಟಾದ. “ಕೊಯ್ನಾ ನಡಗಿದಾಗ ಈ ಸೀಮಿಯೆಲ್ಲ ಅಲ್ಲಾಡಿತು. ಅಲ್ಲಿ ಊರಿಗಿ ಊರು ಬಿದ್ದುವು. ಇಲ್ಲಿ ನಮ್ಮ ಗ್ವಾಡಿಯಿಂದ ಒಂದು ಹರಳು ಉದುರಲಿಲ್ಲ. ಗಟ್ಟಿ ಮನಿ ಅಂದ್ರ ಗಟ್ಟಿ ಮನಿ.”

ಕೊಯ್ನಾ ಅಣೆಕಟ್ಟು ಇಲ್ಲಿಂದ ಎಷ್ಟು ದೂರ, ಆಗ ಇಲ್ಲಿಗೆ ಮುಟ್ಟಿದ್ದು ಆ ನಡುಕದ ಬಾಲ ಮಾತ್ರ ಅಂತ ದತ್ತೋಬಾ ಹೇಳಿದ. ಬಂಡೆಪ್ಪ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವಳು ಮಹಾನಂದಾ.

ಚಳಿ ಹೆಚ್ಚಿತು, ನಡುಕ ಕಡಿಮೆಯಾಯಿತು. ಜನ ಒಬ್ಬೊಬ್ಬರಾಗಿ ಹಾಸಿಗೆ ಸುತ್ತಿಕೊಂಡು ಒಳಗೆ ಹೋದರು. ಮಹಾನಂದಾ ಹೋಗಲಿಲ್ಲ. ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಅಂಗಳದಲ್ಲೇ ಮಲಗಿದಳು. ವೈಜನಾಥ ಕೆಲವು ದಿನ ಹೊರಗೆ, ಕೆಲವು ದಿನ ಒಳಗೆ.

“ಹೆಂಡತಿ ಸೆರಗು ಹಿಡಕೊಂಡು ಅಂಗಳಕ್ಕ ಹೋಗ್ತೀಯಲ್ಲೋ, ಮುದುಕಿ ಒಬ್ಬಾಕಿ ಒಳಗ ಸಾಯಲೇನು?” ಅಂದಳು ತಾಯಿ. ತಮಾಷೆಗೇ ಅಂದದ್ದು. ಅಂದಿನಿಂದ ಅವನು ತಾಯಿಯ ಕೋಣೆಯ ಹೊಸ್ತಿಲಲ್ಲಿ ಮಲಗತೊಡಗಿದ.

ಮತ್ತೆ ಬೇಸಿಗೆ ಬಂತು. ಮಾಳಿಗೆಗೆ ಮಣ್ಣು ಹಾಕುವ ದಿನ ಬಂಡೆಪ್ಪ ಬದುವಿನಲ್ಲಿ ನನ್ನನ್ನು ತುಂಬಿ ಸೊಸೆಗೆ ಸನ್ನೆ ಮಾಡಿದ. ಮಹಾನಂದಾ ನನ್ನನ್ನು ಎತ್ತಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಮಾವನ ಎದುರು ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಮಾವ, ನಾ ಬಂದು ಎಂಟು ವರ್ಷಾತು. ವರ್ಷಕ್ಕ ಅರವತ್ತು ಬುಟ್ಟಿ ನಾನೇ ಹೊತ್ತೀನಿ. ಹೊತ್ತಾಕಿಗಿ ಗೊತ್ತದ ಮ್ಯಾಲ ಎಷ್ಟದ ಅಂತ. ತುಂಬಿದ ಬಂಡಿ ಸಾಲು ಹಚ್ಚಿ ತಲಿ ಮ್ಯಾಲ ನಿಂದ್ರಿಸಿದಂಗ ಅದ. ಇನ್ನ ಹಾಕೋದು ಬ್ಯಾಡ. ಇದ್ದಿದ್ದು ಇಳಸೂಣು.”

“ಇಳಸೋದಾ?” ಬಂಡೆಪ್ಪ ಸುತ್ತ ನೋಡಿದ, ಯಾರಾದರೂ ಕೇಳಿದರೇನೋ ಅಂತ. “ಮಂದಿ ಏನಂದಾರು? ಬಂಡೆಪ್ಪನ ಮನಿ ಮುರೀತು ಅಂತಾರ.”

“ಮುರದು ಬಿದ್ದ ಮ್ಯಾಲ ಅನ್ನೋದಕ್ಕಿಂತ ಈಗ ಅಂದ್ರ ಅನ್ಲಿ.”

ಅವನು ಬದುವಿನ ಮೇಲೆ ಕುಕ್ಕರಿಸಿ ಕೂತ. ಕೆಟ್ಟ ಮನುಷ್ಯನಲ್ಲ. ಸೊಸೆ ಬಸುರಿಯಿದ್ದಾಗ ತಾನೇ ನೀರು ಸೇದಿದವನು. ಕೊನೆಗೆ ಹೇಳಿದ:

“ಈ ಮಳಿಗಾಲ ಒಂದು ದಾಟಲಿ ಯವ್ವಾ. ಸೋರಿದ್ರ ಜೋಳ ಎಲ್ಲ ಮುಗ್ಗ ಹಿಡೀತದ. ಈಗೊಮ್ಮಿ ಹಾಕಿಬಿಡೂಣು. ದೀಪಾವಳಿಯೊಳಗ ಅರ್ಧ ಮಣ್ಣು ನಾ ಇಳಸ್ತೀನಿ. ನಾನೇ ಇಳಸ್ತೀನಿ, ಆಳು ಹಚ್ಚಂಗಿಲ್ಲ. ಇದು ನನ್ನ ಮಾತು.”

ಮಹಾನಂದಾ ನನ್ನನ್ನು ಎತ್ತಿಕೊಂಡಳು. ಆ ವರ್ಷದ ಅರವತ್ತು ಬುಟ್ಟಿಯನ್ನೂ ಅವಳೇ ಹೊತ್ತಳು. ಈಗ ಅದನ್ನು ಹೇಳುವಾಗ ನನ್ನ ತಗಡು ಬಿಸಿಯಾಗುತ್ತದೆ. ಅವಳಿಗೆ ಏನಾಗುತ್ತದೋ ನಾನು ಬಲ್ಲೆ, ಆದರೆ ಹೇಳಲಾರೆ.

ಗಣಪತಿ ಬಿಡುವ ದಿನ ಬಂತು. ಊರೆಲ್ಲ ಗುಲಾಲು. ಬಂಡೆಪ್ಪ ಮೆರವಣಿಗೆಯ ಹಿಂದೆ ಹೋಗಿ ಬಾವಿಯ ದಂಡೆಯಲ್ಲಿ ಭಜನೆಗೆ ಕೂತುಬಿಟ್ಟ. ಗುರುಬಾಯಿಗೆ ಮೈ ಬೆಚ್ಚಗಿತ್ತು. ವೈಜನಾಥ ಎಂದಿನಂತೆ ಹೊಸ್ತಿಲಲ್ಲಿ ಮಲಗಿದ. ಮಹಾನಂದಾ, ಇಂದು, ನಾನು ಅಂಗಳದಲ್ಲಿ.

ಕೋಳಿ ಕೂಗಲು ಇನ್ನೂ ಹೊತ್ತಿತ್ತು. ನೆಲದೊಳಗಿನ ಬಂಡಿ ಈ ಸಲ ದಾಟಿ ಹೋಗಲಿಲ್ಲ, ನಮ್ಮ ಕೆಳಗೇ ಬಂದು ನಿಂತಿತು. ನಾನು ನೆಲದಿಂದ ಎದ್ದು ಬಿದ್ದೆ, ಮತ್ತೆ ಎದ್ದು ಬಿದ್ದೆ. ಗೋಡೆಗಳು ಮೊದಲು ಹೊರಗೆ ಬಿರಿದವು, ಜೋಳದ ಚೀಲದ ಹೊಲಿಗೆ ಬಿಚ್ಚಿದ ಹಾಗೆ. ತೊಲೆಗಳಿಗೆ ಕಾಲಿಲ್ಲದಂತಾಯಿತು. ಆಮೇಲೆ ಹೊಲ ಇಳಿಯಿತು. ಅಜ್ಜನ ಕೆಂಪು, ಅಪ್ಪನ ಬೂದು, ನನ್ನ ಹೊಟ್ಟೆಯಲ್ಲಿ ಏರಿದ ಬಿಳಿ ಎಲ್ಲವೂ ಒಂದೇ ಉಸಿರಿಗೆ. ಒಂದು ಕಲ್ಲು ಬಂದು ನನ್ನ ಬದಿಗೆ ಬಡಿಯಿತು, ಇನ್ನೊಂದು ಇಂದುವಿನ ಕಾಲಿಗೆ.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಕೂಗು ಕೇಳಿಸಲಿಲ್ಲ. ಅದೇ ಭಯಂಕರ. ಊರಿಗೆ ಊರೇ ಬಿದ್ದರೂ ಯಾರೂ ಕೂಗಲಿಲ್ಲ, ಧೂಳು ಎಲ್ಲರ ಬಾಯಿ ತುಂಬಿತ್ತು. ಮೊದಲು ನಾಯಿಗಳು ಊಳಿಟ್ಟವು. ಆಮೇಲೆ ಬಾವಿಯ ಕಡೆಯಿಂದ ಓಡಿ ಬರುವ ಜನರ ಕಾಲ ಸದ್ದು.

ಮಹಾನಂದಾ ಮಗಳನ್ನು ಬೇವಿನ ಮರದ ಬುಡಕ್ಕೆ ಎಳೆದು ಕೂರಿಸಿ ನನ್ನನ್ನು ಹಿಡಿದಳು. ಮನೆಯ ಮುಂಭಾಗ, ಕಂಬದ ಮೇಲೆ ನಿಂತಿದ್ದ ಪಡಸಾಲೆ, ಬಿದ್ದಿರಲಿಲ್ಲ. ಬಿದ್ದದ್ದು ಅದರ ಹಿಂದಿನ ಅಡುಗೆಮನೆ, ತಾಯಿಯ ಕೋಣೆ. ಅಲ್ಲಿ ಹೊಸ್ತಿಲು ಎಲ್ಲಿತ್ತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಅವಳು ಕೈಯಿಂದ ಮಣ್ಣು ಬಾಚಿ ನನಗೆ ತುಂಬುವಳು, ಆಚೆ ಸುರಿಯುವಳು, ಬಾಚುವಳು. ಬಂಡೆಪ್ಪ ಬಂದ. ಅವನ ಹಣೆಯ ಗುಲಾಲು ಬೆವರಿಗೆ ಇಳಿದು ಮೂಗಿನ ಮೇಲೆ ಬಂದಿತ್ತು. ಒಂದು ಮಾತೂ ಇಲ್ಲದೆ ಅವನೂ ಬಾಚತೊಡಗಿದ. ಬೆಳಕಾಯಿತು. ಮನೆ ಮನೆಯ ಮೇಲೂ ಹೀಗೆ ಒಬ್ಬಿಬ್ಬರು ಬಾಗಿ ಕೂತಿದ್ದರು. ಊರು ಬಿತ್ತನೆಗೆ ಇಳಿದಂತೆ ಕಾಣುತ್ತಿತ್ತು.

ಹೊತ್ತೇರಿದ ಮೇಲೆ ಗಾಯಗೊಂಡವರನ್ನು ಒಯ್ಯಲು ಟ್ರಕ್ಕು ಬಂತು. ಇಂದುವಿನ ಕಾಲು ಬಾತು ನೀಲಿಯಾಗಿತ್ತು. ದತ್ತೋಬಾ ಮಗುವನ್ನು ಎತ್ತಿ ಟ್ರಕ್ಕಿಗೆ ಹಾಕಿ ಮಹಾನಂದಾಳ ರಟ್ಟೆ ಹಿಡಿದು ಎಬ್ಬಿಸಿದ. “ಇದ್ದಾಕಿನ ನೋಡು ಮೊದಲ!” ಅಂತ ಬೈದ. ಅವಳು ಟ್ರಕ್ಕಿನ ಮೇಲಿಂದ ಮಾವನಿಗೆ ಹೇಳಿದ ಮಾತು ನನಗೆ ನೆನಪಿದೆ.

“ಮಾವ, ಅವರನ್ನ ತೆಗೀರಿ. ಏನೇ ಆಗಿದ್ರೂ ನಾ ಬರೂತನ ನಿಂದ್ರಿ. ನಾ ಬಂದು ಮಣ್ಣು ಕೊಡ್ತೀನಿ.”

ಲಿಂಗವಂತರಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಕೂರಿಸಿ, ಮನೆಯವರು ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಆ ಒಂದು ಹಿಡಿಗಾಗಿ ಮಕ್ಕಳು ಎಷ್ಟು ದೂರದಿಂದಲಾದರೂ ಬರುತ್ತಾರೆ, ಎಷ್ಟು ಹೊತ್ತಾದರೂ ಕಾಯುತ್ತಾರೆ.

ವೈಜನಾಥನೂ ಗುರುಬಾಯಿಯೂ ಮರುದಿನ ಸಿಕ್ಕರು. ಅವನು ತಾಯಿಯ ಮೇಲೆ ಬಾಗಿದ್ದ. ಹೊಸ್ತಿಲಲ್ಲಿದ್ದವನು ಒಳಗೆ ಓಡಿದ್ದ, ಹೊರಗಲ್ಲ. ಬಂಡೆಪ್ಪ ಇಬ್ಬರನ್ನೂ ಬೇವಿನ ಕೆಳಗೆ ಮಲಗಿಸಿ ಕಂಬಳಿ ಹೊದಿಸಿ ಕಾದು ಕೂತ. ಮಳೆ ಹಿಡಿಯಿತು. ಊರಿನ ಎಲ್ಲ ಮರಗಳ ಕೆಳಗೂ ಹೀಗೆ ಮಲಗಿಸಿದ್ದರು. ಎರಡು ದಿನವಾಯಿತು. ತೋಡಲು ಗಂಡಸರಿರಲಿಲ್ಲ. ಇದ್ದವರ ಕೈಗಳು ಕಿತ್ತು ಹೋಗಿದ್ದವು. ಕುಣಿ ತೋಡಿದರೆ ನೀರು ತುಂಬುತ್ತಿತ್ತು. ವಾಸನೆ ಏನೆಂದು ನಾನು ಹೇಳುವುದಿಲ್ಲ. ಮೂರನೆಯ ದಿನ ಊರವರೇ ಕೂಡಿ ತೀರ್ಮಾನ ಮಾಡಿದರು, ಎಲ್ಲರನ್ನೂ ಒಟ್ಟಿಗೆ ಸುಡುವುದು ಅಂತ. ಲಿಂಗವಂತರು, ಮರಾಠರು, ಯಾರ ಮನೆಯವರು ಯಾರೋ. ಕಟ್ಟಿಗೆ ಎಲ್ಲಿತ್ತು? ಬಿದ್ದ ಮನೆಗಳ ತೊಲೆ, ಹಲಗೆ, ಬಾಗಿಲು. ಬಂಡೆಪ್ಪ ತನ್ನ ಅಡುಗೆಮನೆಯ ತೊಲೆಗಳನ್ನು ತಾನೇ ಎಳೆದು ಕೊಟ್ಟ. ಒದ್ದೆ ತೊಲೆಗಳು ಬಹಳ ಹೊತ್ತು ಹೊಗೆಯಾಡಿ ಆಮೇಲೆ ಹತ್ತಿದವು.

ಮಹಾನಂದಾ ನಾಲ್ಕನೆಯ ದಿನ ಬಂದಳು. ಇಂದುವಿನ ಕಾಲಿಗೆ ಬಿಳಿ ಪಟ್ಟಿ. ಬೇವಿನ ಕೆಳಗೆ ಯಾರೂ ಇರಲಿಲ್ಲ. ಬಂಡೆಪ್ಪ ಎದ್ದು ನಿಂತ, ಏನೋ ಹೇಳಲು ಬಾಯಿ ತೆರೆದ. ಅವಳು ಅವನನ್ನು ದಾಟಿ ಊರಾಚೆ ಸುಟ್ಟ ಜಾಗಕ್ಕೆ ಹೋದಳು. ಬರುವಾಗ ಸೆರಗಿನ ತುದಿಯಲ್ಲಿ ಬೂದಿ ಕಟ್ಟಿಕೊಂಡು ಬಂದಳು. ಯಾರ ಬೂದಿ ಅಂತ ಯಾರು ಹೇಳಬೇಕು?

ಅಂದಿನಿಂದ ಅವಳು ಮಾವನೊಂದಿಗೆ ಮಾತು ಬಿಟ್ಟಳು. ಬದುಕಿದವರಿಗೆ ಊರ ಹೊರಗೆ ತಗಡಿನ ಶೆಡ್ಡು ಹಾಕಿಕೊಟ್ಟಿದ್ದರು. ಪತ್ರಾಸಿನ ಮನೆಯಿಂದ ಬಂದವಳು ಪತ್ರಾಸಿನ ಕೆಳಗೇ ಬಂದಳು. ಅದನ್ನು ಹೇಳಿ ನಗಿಸಲು ಗುರುಬಾಯಿ ಇರಲಿಲ್ಲ. ಹಿಟ್ಟು ಬೇಕಿದ್ದರೆ, “ಇಂದೂ, ಮುತ್ಯಾಗ ಹೇಳು, ಹಿಟ್ಟು ತೀರ್ಯಾದ ಅಂತ.” ಅಜ್ಜ ಅಲ್ಲೇ ಎದುರಿಗೆ ಕೂತಿರುತ್ತಿದ್ದ. ಮಗು ಎರಡು ಹೆಜ್ಜೆ ಕುಂಟಿಕೊಂಡು ಬಂದು ಅವನ ಮುಖಕ್ಕೆ ಮುಖವಿಟ್ಟು, “ಮುತ್ಯಾ, ಹಿಟ್ಟು ತೀರ್ಯಾದಂತ” ಅನ್ನುತ್ತಿತ್ತು. “ತರ್ತೀನಿ ಅಂತ ಹೇಳು” ಅನ್ನುತ್ತಿದ್ದ ಅವನು.

ಆಳಂದದಿಂದ ಅವಳ ಅಣ್ಣ ಬಂದು ಹೋದ. ದೀಪಾವಳಿಯ ಮರುದಿನ ಬಂದು ತಂಗಿಯನ್ನೂ ಮಗುವನ್ನೂ ಕರೆದೊಯ್ಯುವುದಾಗಿ ಹೇಳಿದ. ಮಹಾನಂದಾ ಅವನಿಗೆ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು.

ಅಣ್ಣ ಹೋದ ಮರುದಿನ ಬಂಡೆಪ್ಪ ಎಲ್ಲಿಂದಲೋ ಏಣಿ ತಂದು, ನಿಂತಿದ್ದ ಪಡಸಾಲೆಗೆ ಆನಿಸಿ, ನನ್ನನ್ನೂ ಒಂದು ಸಲಿಕೆಯನ್ನೂ ಹಿಡಿದು ಹತ್ತಿದ. ಕಂಬ ಒಂದು ಬದಿಗೆ ವಾಲಿತ್ತು. ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. ನೆಲ ಇನ್ನೂ ಆಗೊಮ್ಮೆ ಈಗೊಮ್ಮೆ ಮೈ ಝಾಡಿಸುತ್ತಿತ್ತು.

“ಇಳಿಯೋ ಮುದುಕಾ!” ದತ್ತೋಬಾ ಓಡಿ ಬಂದ. “ನಿನ್ನ ಹುಡುಕಲಾಕ ಮತ್ತ ಮಿಲಿಟರಿ ಕರಸಲೇನು? ಯಾರು ಇರ್ತಾರ ಈ ಮನ್ಯಾಗ ಇನ್ನ? ಊರೇ ಬ್ಯಾರೆ ಕಡಿ ಹೊಂಟದ!”

“ದೀಪಾವಳಿಯೊಳಗ ಅರ್ಧ ಮಣ್ಣು ಇಳಸ್ತೀನಂದಿದ್ದೆ.”

“ಅರ್ಧ ಇಳೀತಲ್ಲೋ ತಮ್ಮಾ.” ದತ್ತೋಬಾನ ದನಿ ಸಣ್ಣಗಾಯಿತು. “ನೋಡು ಅಲ್ಲಿ. ಅರ್ಧ ಇಳೀತು.”

“ಅದು ನಾ ಇಳಿಸಿದ್ದಲ್ಲ.”

ಅವನು ಅಗೆದ. ಬಡಿದು ಬಡಿದು ಕಲ್ಲಾಗಿದ್ದ ಮಣ್ಣು. ಸಲಿಕೆ ಚಿಮ್ಮುತ್ತಿತ್ತು. ಒಂದು ಬುಟ್ಟಿ ತುಂಬಲು ಬಹಳ ಹೊತ್ತು. ತುಂಬಿದ ಮೇಲೆ ನನ್ನನ್ನು ತಲೆಗಿಟ್ಟು ಏಣಿಗೆ ಬೆನ್ನು ಕೊಟ್ಟು ಒಂದೊಂದೇ ಮೆಟ್ಟಿಲು ಇಳಿಯುವನು. ಇಷ್ಟು ವರ್ಷ ನಾನು ತುಂಬಿ ಏರಿದ್ದೆ, ಖಾಲಿ ಇಳಿದಿದ್ದೆ. ತುಂಬಿ ಇಳಿಯುವುದು ನನಗೂ ಹೊಸದು. ಅವನ ನೆತ್ತಿ ನಡುಗುವುದು ಸಿಂಬಿಯ ಮೂಲಕ ನನಗೆ ತಿಳಿಯುತ್ತಿತ್ತು. ಓಣಿಯಲ್ಲಿ ಸುರಿದು ಮತ್ತೆ ಹತ್ತುವನು. ದಿನಕ್ಕೆ ಹದಿನೈದು, ಇಪ್ಪತ್ತು. ಒಂದು ದಿನ ಕಾಲು ಜಾರಿ ನಾವಿಬ್ಬರೂ ಬಿದ್ದೆವು. ನನ್ನ ಒಂದು ಕಿವಿ ಕಿತ್ತಿತು. ಅವನು ಅದಕ್ಕೆ ಹಗ್ಗ ಕಟ್ಟಿದ.

ಜನ ಬಂದು ನೋಡಿ ಹೋಗುವರು. ತಲೆ ಕೆಟ್ಟಿದೆ ಅಂದರು. ದತ್ತೋಬಾ ಮೂರನೆಯ ದಿನದಿಂದ ಬೈಯುವುದು ಬಿಟ್ಟು ಏಣಿ ಹಿಡಿದು ನಿಂತ.

ಹಬ್ಬಕ್ಕೆ ಎಂಟು ದಿನವಿತ್ತು. ಮಧ್ಯಾಹ್ನ ಬಂಡೆಪ್ಪ ಓಣಿಯಲ್ಲಿ ನನ್ನನ್ನು ಸುರಿಯಲು ಬಾಗಿದಾಗ ಮಹಾನಂದಾ ಬಂದಳು. ಕೈಯಲ್ಲಿ ಗುದ್ದಲಿ. ಸೀರೆಯ ಅಂಚೆಲ್ಲ ಮಣ್ಣು. ಮಗುವಿನ ಹೆಗಲ ಮೇಲೆ ಕೈಯಿಟ್ಟು ನಿಂತಳು.

“ಇಂದೂ, ಮುತ್ಯಾಗ ಹೇಳು. ಓಣ್ಯಾಗ ಹಾಕಬ್ಯಾಡ್ರಿ ಅಂತ. ಹೊಲದಾಗ ಕುಣಿ ತೋಡೀನಿ. ಅಲ್ಲಿ ಹಾಕ್ರಿ ಅಂತ.”

ಮಗು ಬಾಯಿ ತೆರೆಯುವ ಮೊದಲೇ ಅವನು ನನ್ನನ್ನು ಮತ್ತೆ ತಲೆಗೇರಿಸಿದ್ದ.

ಕುಣಿ ಒಬ್ಬ ಮನುಷ್ಯ ಪದ್ಮಾಸನ ಹಾಕಿ ಕೂರುವಷ್ಟು ಅಗಲ, ಎದೆಯುದ್ದ ಆಳ. ಅವಳು ಒಬ್ಬಳೇ ಎಷ್ಟು ದಿನದಿಂದ ತೋಡಿದ್ದಳೋ. ತಳದಲ್ಲಿ ಬಿಳಿ ಬಟ್ಟೆಯ ಗಂಟು, ಅದರೊಳಗೆ ಆ ಬೂದಿ. ಸುಟ್ಟವರಿಗೆ ಮಣ್ಣು ಕೊಡುವ ಪದ್ಧತಿ ಯಾವ ಊರಲ್ಲೂ ಇಲ್ಲ. ಅವಳು ಯಾರನ್ನೂ ಕೇಳಲಿಲ್ಲ. ಮೊದಲ ಹಿಡಿ ಅವಳು ಕೊಟ್ಟಳು. ಎರಡನೆಯದು ಮಗಳು. ಆಮೇಲೆ ಇಬ್ಬರೂ ಬಂಡೆಪ್ಪನ ಕಡೆ ನೋಡಿದರು. ಅವನಿಗೆ ನನ್ನೊಳಗೆ ಕೈ ಹಾಕಲಾಗಲಿಲ್ಲ. ಇಂದು ಅವನ ಮುಷ್ಟಿಯಲ್ಲಿ ಮಣ್ಣು ತುಂಬಿ, ತನ್ನೆರಡು ಕೈಯಿಂದ ಆ ಮುಷ್ಟಿ ಹಿಡಿದು ಕುಣಿಯ ಮೇಲೆ ತಂದು ಬಿಡಿಸಿತು.

ಮರುದಿನದಿಂದ ನಾವು ಹೀಗೆ ಕೆಲಸ ಮಾಡಿದೆವು. ಬಂಡೆಪ್ಪ ಮೇಲೆ ಅಗೆದು ತುಂಬುವನು. ದತ್ತೋಬಾ ಏಣಿಯ ನಡುವೆ ನಿಂತು ನನ್ನನ್ನು ಇಳಿಸುವನು. ಮಹಾನಂದಾ ಹೊತ್ತು ಹೊಲಕ್ಕೆ ಒಯ್ಯುವಳು. ದತ್ತೋಬಾ ಬೀಡಿ ಹಚ್ಚಿಕೊಳ್ಳುವಾಗ, “ಮಿಲ್ಟ್ರ್ಯಾಗ ನನಗ ಇಷ್ಟು ದುಡಿಸಿಲ್ಲ ನೋಡು” ಅನ್ನುವನು. ಕುಣಿ ತುಂಬಿತು. ತುಂಬಿ ದಿಬ್ಬವೆದ್ದು ಸಮಾಧಿಯ ಗದ್ದುಗೆಯಾಯಿತು. ಅವಳು ಅದರ ಮೇಲೆಯೇ ಹಾಕುತ್ತ ಹೋದಳು. ಅಪ್ಪನ ಬೂದು ಮುಗಿದು ಅಜ್ಜನ ಕೆಂಪು ಬಂತು. ಅರ್ಧ ಅಂದಿದ್ದವನು ಅರ್ಧಕ್ಕೆ ನಿಲ್ಲಲಿಲ್ಲ, ಯಾರೂ ನಿಲ್ಲಿಸು ಅನ್ನಲೂ ಇಲ್ಲ.

ನನಗೀಗ ವಯಸ್ಸಾಗಿದೆ. ಬದಿ ತಗ್ಗಾಗಿದೆ, ತಳದಲ್ಲಿ ತುಕ್ಕು ತೂತು ಮಾಡಿದೆ, ನನ್ನನ್ನು ಹೊತ್ತು ನಡೆದರೆ ಮಣ್ಣು ಸಣ್ಣಗೆ ಸೋರುತ್ತದೆ. ಹೊರುವುದಷ್ಟೇ ನನ್ನ ಧರ್ಮ, ಎಲ್ಲಿಗೆ ಅಂತ ಕೇಳುವುದಲ್ಲ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಲಾರೆ. ಕೇಳಲು ಬಾಯಿಲ್ಲ, ಅದು ನಿಜ. ಆದರೆ ಭಾರ ಗೊತ್ತಿತ್ತು. ಪ್ರತಿ ವರ್ಷ ಗೊತ್ತಿತ್ತು.

ದೀಪಾವಳಿಯ ಹಿಂದಿನ ದಿನ ಹೊತ್ತು ಮುಳುಗುವ ಮೊದಲು ಬಂಡೆಪ್ಪನ ಸಲಿಕೆ ಹಲಗೆಗೆ ತಾಗಿ ಠಕ್ ಅಂದಿತು. ಅವನು ಮೂಲೆ ಮೂಲೆ ಗುಡಿಸಿದ. ಹಲಗೆಗಳ ಸಂದಿಯಿಂದ ಕೆಳಗಿನ ಖಾಲಿ ಪಡಸಾಲೆ ಕಾಣುತ್ತಿತ್ತು. ಗುಡಿಸಿದ್ದೆಲ್ಲ ನನ್ನ ಕಾಲುಭಾಗವೂ ಆಗಲಿಲ್ಲ. ಅದನ್ನು ಅವನು ತಾನೇ ಹೊತ್ತು ಇಳಿದ, ತಾನೇ ಹೊಲಕ್ಕೆ ನಡೆದ. ಹಿಂದೆ ದತ್ತೋಬಾ, ಅವನ ಕೈ ಹಿಡಿದು ಕುಂಟುತ್ತ ಇಂದು, ಕೊನೆಗೆ ಮಹಾನಂದಾ.

ಗದ್ದುಗೆಯ ಮುಂದೆ ಅವನು ನನ್ನನ್ನು ಇಳಿಸಿದ. ಅವಳ ಕಡೆ ನೋಡಲು ಧೈರ್ಯವಿರಲಿಲ್ಲ.

ಮಹಾನಂದಾ ಮಗಳನ್ನು ಕರೆಯಲಿಲ್ಲ.

“ಮಾವ,” ಅಂದಳು. “ಹಾಕ್ರಿ.”

ಅವನು ನನ್ನನ್ನು ಎತ್ತಿ ಡಬ್ಬು ಹಾಕಿದ. ತಳಕ್ಕೆ ಅಂಗೈಯಿಂದ ಎರಡು ಸಲ ತಟ್ಟಿದ. ಒಂದು ಹರಳೂ ಒಳಗೆ ಉಳಿಯಲಿಲ್ಲ.